ವಿಮೆ ಹಣ ಕೊಡುವುದು ಮಸಾಜಿಗಲ್ಲ, ಮಂಚಕ್ಕೆ

ಸೊಂಟ ನೋವಿಗೆ ಆಯುರ್ವೇದ ಆಸ್ಪತ್ರೆಯಲ್ಲಿ ಏಳು ದಿನ ಎಣ್ಣೆ ನೀವಿಸಿಕೊಂಡು, ಬಿಸಿ ಕಿಳಿ (ಔಷಧಿ ಗಂಟಿನ ಶಾಖ) ಕೊಡಿಸಿಕೊಂಡು ಬಂದರೆ ಆರೋಗ್ಯ ವಿಮೆ ಆ ಬಿಲ್ಲು ಕಟ್ಟುತ್ತದೆಯೇ? 2024ರಿಂದ ಈಚೆಗೆ ಈ ಪ್ರಶ್ನೆಗೆ ಎರಡು ಉತ್ತರ ಓಡಾಡುತ್ತಿವೆ. ‘ಈಗ ಎಲ್ಲದಕ್ಕೂ ಸಿಗುತ್ತೆ, ರೂಲ್ಸೇ ಬಂದಿದೆ’ ಅನ್ನುವುದು ಒಂದು. ‘ಸುಮ್ನೆ ಅಲೆದಾಟ, ಮಸಾಜಿಗೆಲ್ಲ ಯಾರು ಕೊಡ್ತಾರೆ’ ಅನ್ನುವುದು ಇನ್ನೊಂದು. ಹೇಳುವ ಇಬ್ಬರ ಹತ್ತಿರವೂ ಪುರಾವೆ ಇರುತ್ತದೆ. ಒಬ್ಬರಿಗೆ ಕ್ಲೇಮು ಪೂರ್ತಿ ಬಂದಿರುತ್ತದೆ. ಇನ್ನೊಬ್ಬರಿಗೆ ಅದೇ ಚಿಕಿತ್ಸೆಗೆ ಒಂದು ಪೈಸೆಯೂ ಬಂದಿರುವುದಿಲ್ಲ.

ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಒಂದೇ ನಿಯಮ ಇಬ್ಬರಿಗೂ ಬೇರೆ ಬೇರೆ ಉತ್ತರ ಕೊಡುವಂತಿದೆ. ಯಾಕೆ ಹಾಗೆ ಅಂತ ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಸುದ್ದಿಯಲ್ಲಿ ನಿಜವಾಗಿ ಇದ್ದದ್ದೇನು

ವಿಮೆ ಕಂಪನಿಗಳ ಮೇಲೆ ಕಣ್ಣಿಡುವ ಸಂಸ್ಥೆ ಐಆರ್‌ಡಿಎಐ. ಅದು 2024ರ ಜನವರಿ 31ರಂದು ಒಂದು ಸುತ್ತೋಲೆ ಹೊರಡಿಸಿತು. ಆಯುಷ್ ಚಿಕಿತ್ಸೆಗಳನ್ನು ಉಳಿದ ಚಿಕಿತ್ಸೆಗಳಿಗೆ ಸಮಾನವಾಗಿ ನೋಡಬೇಕು, ಅದಕ್ಕೆ ಪ್ರತಿ ಕಂಪನಿಯ ಆಡಳಿತ ಮಂಡಳಿಯೂ ಒಂದು ನೀತಿ ಒಪ್ಪಿರಬೇಕು, ಆಯುಷ್ ಆಸ್ಪತ್ರೆಗಳನ್ನು ನೆಟ್‌ವರ್ಕಿಗೆ, ಅಂದರೆ ಕಂಪನಿ ಒಪ್ಪಂದ ಮಾಡಿಕೊಂಡ ಆಸ್ಪತ್ರೆಗಳ ಪಟ್ಟಿಗೆ, ಸೇರಿಸಿಕೊಳ್ಳಲು ಒಂದು ಕ್ರಮ ಇರಬೇಕು ಎಂದಿತು. ಜಾರಿಯಾದದ್ದು ಅದೇ ವರ್ಷ ಏಪ್ರಿಲ್ 1ರಿಂದ. ಆಯುಷ್ ಅಂದರೆ ಆಯುರ್ವೇದ, ಯೋಗ ಮತ್ತು ಪ್ರಕೃತಿ ಚಿಕಿತ್ಸೆ, ಯುನಾನಿ, ಸಿದ್ಧ, ಹೋಮಿಯೋಪಥಿ.

ಇದು ದಿಢೀರ್ ಅಂತ ಬಂದದ್ದೇನಲ್ಲ. 2013ರ ಆರೋಗ್ಯ ವಿಮೆ ನಿಯಮಗಳೇ ಅಲೋಪಥಿಯೇತರ ಚಿಕಿತ್ಸೆಗೆ ರಕ್ಷಣೆ ಕೊಡಲು ಬಾಗಿಲು ತೆರೆದಿದ್ದವು. ಆಗ ಅದು ಕಂಪನಿಯ ಇಷ್ಟಕ್ಕೆ ಬಿಟ್ಟ ವಿಷಯ. ಹಾಗಾಗಿ ಹಲವು ಪಾಲಿಸಿಗಳು ಆಯುರ್ವೇದಕ್ಕೆ ಒಟ್ಟು ವಿಮಾ ಮೊತ್ತದ ಸಣ್ಣ ತುಣುಕನ್ನಷ್ಟೇ ಎತ್ತಿಟ್ಟವು. 2020ರ ಏಪ್ರಿಲ್‌ನಲ್ಲಿ ಎಲ್ಲ ಕಂಪನಿಗಳೂ ಕಡ್ಡಾಯವಾಗಿ ಮಾರಬೇಕಾದ ‘ಆರೋಗ್ಯ ಸಂಜೀವನಿ’ ಪಾಲಿಸಿ ಬಂತು. ಅದರಲ್ಲಿ ಆಯುಷ್ ಆಸ್ಪತ್ರೆಯ ಒಳರೋಗಿ ಚಿಕಿತ್ಸೆಗೆ ಪೂರ್ತಿ ವಿಮಾ ಮೊತ್ತದವರೆಗೂ ಅವಕಾಶವಿತ್ತು. 2024ರಲ್ಲಿ ಆ ದಾರಿ ಉಳಿದವರಿಗೂ ಹೆದ್ದಾರಿಯಾಯಿತು ಅಷ್ಟೆ.

ಗೊಂದಲ ಹುಟ್ಟುವುದು ‘ಸಮಾನ’ ಅನ್ನುವ ಪದದಲ್ಲಿ. ಕೇಳಿದವರಿಗೆ ಅದು ‘ಇನ್ನು ಎಲ್ಲವೂ ಸಿಗುತ್ತದೆ’ ಎಂದು ಕೇಳಿಸಿತು. ಆದರೆ ಅಲೋಪಥಿಗೆ ಎಲ್ಲವೂ ಸಿಗುತ್ತದೆಯೇ? ಜ್ವರಕ್ಕೆ ಕ್ಲಿನಿಕ್‌ಗೆ ಹೋಗಿ ಡಾಕ್ಟರ್ ಫೀಸು, ಮಾತ್ರೆ ದುಡ್ಡು ಕೊಟ್ಟು ಬಂದರೆ ಮಾಮೂಲಿ ಪಾಲಿಸಿ ಅದನ್ನು ಭರಿಸುವುದಿಲ್ಲ. ಅಡ್ಮಿಟ್ ಆದರೆ ಮಾತ್ರ ಭರಿಸುತ್ತದೆ. ಸಮಾನತೆ ಬಂದಾಗ ಆ ಷರತ್ತೂ ಸಮಾನವಾಗಿ ಜೊತೆಗೆ ಬಂತು.

ಇಪ್ಪತ್ತನಾಲ್ಕು ಗಂಟೆಯ ಗೆರೆ

ನಮ್ಮಲ್ಲಿ ಆರೋಗ್ಯ ವಿಮೆ ಅಂದರೆ ಮೂಲತಃ ಆಸ್ಪತ್ರೆ ವಾಸದ ವಿಮೆ. ಪಾಲಿಸಿಯ ಭಾಷೆಯಲ್ಲಿ ‘ಆಸ್ಪತ್ರೆ ದಾಖಲಾತಿ’ ಅಂದರೆ ಸತತ 24 ಗಂಟೆ ಒಳರೋಗಿಯಾಗಿರುವುದು. ದೊಡ್ಡ ಖರ್ಚು ಬರುವುದು ಮಂಚ ಹಿಡಿದಾಗ, ಸುಮ್ಮನೆ ಯಾರೂ ಆಸ್ಪತ್ರೆಯಲ್ಲಿ ಮಲಗುವುದಿಲ್ಲ. ಹಾಗಾಗಿ ಮಂಚವನ್ನೇ ಕಾಯಿಲೆಯ ಅಳತೆಗೋಲು ಮಾಡಿಕೊಂಡರೆ ಮೋಸ ಕಡಿಮೆ ಎಂಬ ಲೆಕ್ಕ ಇದರ ಹಿಂದಿದೆ. ಅಲೋಪಥಿಯಲ್ಲಿ ತಂತ್ರಜ್ಞಾನ ಬೆಳೆದಂತೆ ಕಣ್ಣಿನ ಪೊರೆ ಆಪರೇಷನ್, ಡಯಾಲಿಸಿಸ್, ಕೀಮೋಥೆರಪಿಯಂಥವು ಕೆಲವೇ ಗಂಟೆಯಲ್ಲಿ ಮುಗಿಯತೊಡಗಿದವು. ಅವನ್ನು ‘ಡೇ ಕೇರ್’ ಎಂದು ಕರೆದು ವಿನಾಯಿತಿ ಕೊಡಲಾಯಿತು.

ಮಸಾಜ್ ಈ ಲೆಕ್ಕದಲ್ಲಿ ಎಲ್ಲಿಯೂ ಕೂರುವುದಿಲ್ಲ. ಒಂದು ಅಭ್ಯಂಗ, ಅಂದರೆ ಎಣ್ಣೆ ಮಸಾಜ್, ಮುಕ್ಕಾಲು ಗಂಟೆಯ ಕೆಲಸ. ಅದಕ್ಕೆ ಮೇಲೊಂದು ಸ್ವೇದನ, ಅಂದರೆ ಬೆವರಿಸುವ ಚಿಕಿತ್ಸೆ. ಎಲ್ಲ ಸೇರಿ ಎರಡು ಗಂಟೆ ಅನ್ನಿ. ದಿನದ ಉಳಿದ ಇಪ್ಪತ್ತೆರಡು ಗಂಟೆ ರೋಗಿ ಏನು ಮಾಡುತ್ತಿದ್ದ ಎಂದು ವಿಮೆ ಕಂಪನಿ ಕೇಳುತ್ತದೆ. ಪ್ರಶ್ನೆಯಲ್ಲಿ ತಪ್ಪೇನೂ ಇಲ್ಲ, ಅಲ್ವಾ? ‘ವಿಶ್ರಾಂತಿ ತೆಗೆದುಕೊಳ್ಳುತ್ತಿದ್ದ’ ಎಂಬ ಉತ್ತರ ಬಂದರೆ ಕ್ಲೇಮು ಅಲ್ಲಿಗೇ ಕುಸಿಯುತ್ತದೆ. ಏಕೆಂದರೆ ಪಾಲಿಸಿಯಲ್ಲಿ ವಿಶ್ರಾಂತಿಗೆಂದೇ ಒಂದು ಬೇಲಿ ಇದೆ.

ಒಂದು ಕೈಯಲ್ಲಿ ಕೊಟ್ಟು ಇನ್ನೊಂದರಲ್ಲಿ ಕಿತ್ತುಕೊಂಡಂತೆ

2019ರಲ್ಲಿ ಐಆರ್‌ಡಿಎಐ, ‘ಇವಕ್ಕೆ ಹಣ ಇಲ್ಲ’ ಎಂದು ಕಂಪನಿಗಳು ಹೇಳುವ ವಿಷಯಗಳಿಗೆ ಒಂದೇ ಪಠ್ಯ, ಒಂದೇ ಸಂಕೇತ ಗೊತ್ತುಮಾಡಿತು. ನಿಮ್ಮ ಪಾಲಿಸಿಯ ಹಿಂದಿನ ಪುಟಗಳಲ್ಲಿ ‘ಎಕ್ಸ್‌ಕ್ಲೂಷನ್’ ಎಂಬ ಪಟ್ಟಿ ಇರುತ್ತದೆ. ಮಸಾಜ್ ವಿಷಯದಲ್ಲಿ ಓದಲೇಬೇಕಾದವು ಎರಡು. 5ನೆಯದು ವಿಶ್ರಾಂತಿ ಚಿಕಿತ್ಸೆ ಮತ್ತು ಪುನಶ್ಚೇತನಕ್ಕೆ ಸಂಬಂಧಿಸಿದ್ದು. 13ನೆಯದರ ಪ್ರಕಾರ ಜಲಚಿಕಿತ್ಸಾ ಕೇಂದ್ರ, ಪ್ರಕೃತಿ ಚಿಕಿತ್ಸಾ ಕ್ಲಿನಿಕ್, ಸ್ಪಾ ಅಥವಾ ಅಂಥ ಜಾಗಗಳಲ್ಲಿ ಪಡೆದ ಚಿಕಿತ್ಸೆಗೆ ಹಣ ಇಲ್ಲ.

ಈಗ ಇದನ್ನು ಆಯುಷ್ ನಿಯಮದ ಪಕ್ಕದಲ್ಲಿಟ್ಟು ಓದಿ. ಆಯುಷ್ ಪಟ್ಟಿಯಲ್ಲಿ ಪ್ರಕೃತಿ ಚಿಕಿತ್ಸೆ ಇದೆ. ಹೊರಗಿಟ್ಟ ಪಟ್ಟಿಯಲ್ಲೂ ಪ್ರಕೃತಿ ಚಿಕಿತ್ಸಾ ಕ್ಲಿನಿಕ್ ಇದೆ! ಒಂದೇ ಪಾಲಿಸಿ ಹತ್ತನೇ ಪುಟದಲ್ಲಿ ಹೂಂ ಅಂದು ಇಪ್ಪತ್ತನೇ ಪುಟದಲ್ಲಿ ಊಹೂಂ ಅನ್ನುತ್ತದೆ. ಪ್ರಕೃತಿ ಚಿಕಿತ್ಸೆಗೆಂದೇ ಐದೂವರೆ ವರ್ಷದ ಬಿಎನ್‌ವೈಎಸ್ ಪದವಿ ಕಟ್ಟಿಕೊಂಡ ಕರ್ನಾಟಕದಲ್ಲಿ ಇದು ಸಣ್ಣ ವಿರೋಧಾಭಾಸವಲ್ಲ.

ಈ ಗಂಟನ್ನು ಬಿಡಿಸುವುದು ಆಸ್ಪತ್ರೆಯ ವ್ಯಾಖ್ಯೆ. ಸರ್ಕಾರಿ ಆಯುಷ್ ಆಸ್ಪತ್ರೆಯಾದರೆ ತಕರಾರಿಲ್ಲ. ಮಾನ್ಯತೆ ಪಡೆದ ಆಯುಷ್ ಕಾಲೇಜಿಗೆ ಸೇರಿದ ಬೋಧನಾ ಆಸ್ಪತ್ರೆಯೂ ಸರಿ. ಮೈಸೂರಿನ ಸರ್ಕಾರಿ ಆಯುರ್ವೇದ ಕಾಲೇಜಿನ ಆಸ್ಪತ್ರೆಯಂಥವು ಹೀಗೆ ತಾವಾಗಿಯೇ ಒಳಗೆ ಬರುತ್ತವೆ. ಖಾಸಗಿಯಾದರೆ ಸ್ಥಳೀಯ ನೋಂದಣಿ ಬೇಕು. ಕನಿಷ್ಠ 5 ಒಳರೋಗಿ ಹಾಸಿಗೆ, ಹಗಲು ರಾತ್ರಿ ಹೊಣೆ ಹೊತ್ತ ಅರ್ಹ ಆಯುಷ್ ವೈದ್ಯರು, ಪ್ರತ್ಯೇಕ ಚಿಕಿತ್ಸಾ ವಿಭಾಗ, ಪ್ರತಿದಿನದ ದಾಖಲೆ ಇರಬೇಕು. ಇವಿಷ್ಟಿದ್ದರೆ ಅದು ಆಸ್ಪತ್ರೆ. ಇಲ್ಲದಿದ್ದರೆ ಬೋರ್ಡಿನಲ್ಲಿ ‘ಆಯುರ್ವೇದ’ ಎಂದು ಎಷ್ಟೇ ದಪ್ಪಕ್ಷರದಲ್ಲಿ ಬರೆಸಿದ್ದರೂ ವಿಮೆ ಕಂಪನಿಯ ಕಣ್ಣಿಗೆ ಅದು 13ನೇ ನಂಬರಿನ ಜಾಗ.

ಇನ್ನೊಂದು ಬೇಲಿ ಬಹಳ ಜನರ ಗಮನಕ್ಕೆ ಬರುವುದೇ ಇಲ್ಲ. ಜನ ಮಸಾಜ್ ಚಿಕಿತ್ಸೆಗೆ ಹೋಗುವುದು ಯಾವುದಕ್ಕೆ? ಬೆನ್ನುಮೂಳೆಯ ಡಿಸ್ಕ್ ಜಾರಿದ್ದು, ಸಂಧಿವಾತ, ಮಂಡಿ ಸವೆತ. ಹೆಚ್ಚಿನ ಪಾಲಿಸಿಗಳಲ್ಲಿ ಕಾಯುವ ಅವಧಿ ಇರುವುದೂ ಇವಕ್ಕೇ. ಆರೋಗ್ಯ ಸಂಜೀವನಿಯಲ್ಲಿ ಡಿಸ್ಕ್ ಮತ್ತು ಬೆನ್ನುಮೂಳೆ ತೊಂದರೆಗೆ, ಅಪಘಾತದಿಂದ ಆದದ್ದು ಬಿಟ್ಟರೆ, 24 ತಿಂಗಳು ಕಾಯಬೇಕು. 2024ರ ಹೊಸ ನಿಯಮಗಳ ಪ್ರಕಾರ ಇಂಥ ಕಾಯುವಿಕೆ 36 ತಿಂಗಳು ಮೀರುವಂತಿಲ್ಲ. ಆದರೂ ಹೊಸದಾಗಿ ಪಾಲಿಸಿ ಮಾಡಿಸಿ ಮುಂದಿನ ವರ್ಷವೇ ಸೊಂಟಕ್ಕೆ ಕಟಿ ಬಸ್ತಿ (ಎಣ್ಣೆ ನಿಲ್ಲಿಸುವ ಚಿಕಿತ್ಸೆ) ಮಾಡಿಸಿದರೆ ಕ್ಲೇಮು ಬಿದ್ದುಹೋಗುತ್ತದೆ. ಅಲ್ಲಿ ಆಯುರ್ವೇದದ ಪ್ರಶ್ನೆಯೇ ಬರುವುದಿಲ್ಲ. ಅಲೋಪಥಿ ಆಸ್ಪತ್ರೆಗೆ ಹೋಗಿದ್ದರೂ ಅಷ್ಟೇ.

ಅದೇ ಎಣ್ಣೆ, ಎರಡು ಫೈಲು

ಎರಡು ಫೈಲುಗಳನ್ನು ಕಲ್ಪಿಸಿಕೊಳ್ಳಿ. ಎರಡರಲ್ಲೂ ರೋಗಿಗೆ ಸೊಂಟದಿಂದ ಪಾದದವರೆಗೆ ಇಳಿಯುವ ನೋವು. ಇಂಗ್ಲಿಷ್ ವೈದ್ಯದಲ್ಲಿ ಸಯಾಟಿಕಾ, ಆಯುರ್ವೇದದಲ್ಲಿ ಗೃಧ್ರಸಿ. ಎರಡರಲ್ಲೂ ಏಳು ದಿನ, ಅದೇ ತೈಲ, ಅದೇ ಮೇಜು.

ಮೊದಲನೇ ಫೈಲಿನಲ್ಲಿ ಒಂದು ಹಾಳೆ ಇದೆ. ‘7 ದಿನಗಳ ಪುನಶ್ಚೇತನ ಪ್ಯಾಕೇಜ್, ವಾಸ ಮತ್ತು ಊಟ ಸೇರಿ’ ಎಂದು ಒಂದೇ ಸಾಲು, ಒಂದೇ ಮೊತ್ತ. ಕೆಳಗೆ ಸೀಲು.

ಎರಡನೆಯದರಲ್ಲಿ ದಾಖಲಾದ ದಿನ ವೈದ್ಯರು ಬರೆದ ಟಿಪ್ಪಣಿ ಇದೆ. ಮಲಗಿಸಿ ಬಲಗಾಲನ್ನು ಮಡಿಸದೆ ನೆಟ್ಟಗೆ ಎತ್ತಿದಾಗ 30 ಡಿಗ್ರಿಗೇ ನೋವು. ಎಂಆರ್‌ಐ ವರದಿ ಲಗತ್ತಿಸಿದೆ. ಮನೆಯಿಂದ ದಿನಾ ಬಂದುಹೋಗಲು ಯಾಕೆ ಆಗುವುದಿಲ್ಲ ಎಂದು ಎರಡು ಸಾಲು: ಕೂತು ಪ್ರಯಾಣ ಮಾಡಲಾಗದು, ಬಸ್ತಿಯ (ಔಷಧೀಯ ಎನಿಮಾ) ನಂತರ ಗಮನಿಸಬೇಕು, ಪಥ್ಯದ ಮೇಲೆ ನಿಗಾ ಬೇಕು. ಆಮೇಲೆ ದಿನದಿನದ ಹಾಳೆ. ಬೆಳಗ್ಗೆ ಅಭ್ಯಂಗ, ಸ್ವೇದನ, ಬಸ್ತಿ. ಕೊಟ್ಟ ಕಷಾಯದ ಪ್ರಮಾಣ, ರೋಗಿಯ ನಾಡಿ, ಬಿಪಿ. ಏಳನೇ ದಿನ ಕಾಲು ಎತ್ತಿದಾಗ 60 ಡಿಗ್ರಿವರೆಗೆ ನೋವಿಲ್ಲ. ಬಿಲ್ಲಿನಲ್ಲಿ ಕೊಠಡಿ, ವೈದ್ಯರ ಶುಲ್ಕ, ಚಿಕಿತ್ಸೆ, ಔಷಧಿ ಬೇರೆ ಬೇರೆ.

ಮೊದಲನೇ ಫೈಲು ವಾಪಸ್ ಬರುತ್ತದೆ. ಎರಡನೆಯದು ಪಾಸಾಗುವ ಸಾಧ್ಯತೆ ಚೆನ್ನಾಗಿದೆ. ಪಾಲಿಸಿಗಳಲ್ಲಿ ‘ವೈದ್ಯಕೀಯವಾಗಿ ಅಗತ್ಯವಾದ ಚಿಕಿತ್ಸೆ’ ಎಂಬುದಕ್ಕೆ ವ್ಯಾಖ್ಯೆ ಇದೆ. ಕಾಯಿಲೆಯ ಆರೈಕೆಗೆ ಅದು ಬೇಕೇಬೇಕಿರಬೇಕು, ಪ್ರಮಾಣದಲ್ಲಿ ಮತ್ತು ಅವಧಿಯಲ್ಲಿ ಅಗತ್ಯ ಮೀರಿರಬಾರದು, ವೈದ್ಯರು ಬರೆದುಕೊಟ್ಟಿರಬೇಕು. ಎರಡನೇ ಫೈಲು ಈ ಪ್ರತಿ ಮಾತಿಗೂ ಉತ್ತರ ಕೊಡುತ್ತದೆ. ಮೊದಲನೆಯದು ಯಾವುದಕ್ಕೂ ಕೊಡುವುದಿಲ್ಲ. ರೋಗಿಯ ನೋವು ಮಾತ್ರ ಎರಡರಲ್ಲೂ ಒಂದೇ.

ಬಿಲ್ಲಿನಲ್ಲಿ ಇನ್ನೊಂದು ಸುಳಿವೂ ಇರುತ್ತದೆ, ಅದು ಜಿಎಸ್‌ಟಿ ಸಾಲು. ಮಾನ್ಯ ವೈದ್ಯ ಪದ್ಧತಿಯ ಚಿಕಿತ್ಸೆಗೆ ಜಿಎಸ್‌ಟಿ ವಿನಾಯಿತಿ ಇದೆ, ಆಯುರ್ವೇದವೂ ಆ ಪಟ್ಟಿಯಲ್ಲಿದೆ. ಸ್ಪಾ ಮಸಾಜ್ ‘ದೈಹಿಕ ಯೋಗಕ್ಷೇಮ’ದ ಸೇವೆ, ಅದಕ್ಕೆ ತೆರಿಗೆ ಇದೆ. 2025ರ ಸೆಪ್ಟೆಂಬರ್ 22ರಂದು ಆ ತೆರಿಗೆ 18%ರಿಂದ 5%ಕ್ಕೆ ಇಳಿಯಿತು. ಅದೇ ದಿನ ವೈಯಕ್ತಿಕ ಆರೋಗ್ಯ ವಿಮೆಯ ಪ್ರೀಮಿಯಂ ಮೇಲಿನ 18% ಪೂರ್ತಿ ಹೋಯಿತು. ಎರಡು ಸುದ್ದಿ ಒಟ್ಟಿಗೆ ಬಂದು ‘ಮಸಾಜಿಗೂ ವಿಮೆಗೂ ರಿಯಾಯಿತಿ’ ಎಂದು ಕಲಸುಮೇಲೋಗರವಾಗಿದ್ದರೆ ಆಶ್ಚರ್ಯವಿಲ್ಲ. ಒಂದಕ್ಕೊಂದು ಸಂಬಂಧವೇ ಇಲ್ಲ. ಆದರೆ ಮಸಾಜಿನ ಮೊತ್ತದ ಮೇಲೆ ಜಿಎಸ್‌ಟಿ ಹಾಕಿದ ಬಿಲ್ಲು ಕೈಗೆ ಬಂದರೆ, ಕೊಟ್ಟ ಜಾಗವೇ ಅದನ್ನು ಚಿಕಿತ್ಸೆ ಎಂದು ಕರೆಯುತ್ತಿಲ್ಲ ಎಂದರ್ಥ. (ಸಣ್ಣ ಕೇಂದ್ರಗಳಿಗೆ ಜಿಎಸ್‌ಟಿ ನೋಂದಣಿಯೇ ಬೇಕಿಲ್ಲ. ಹಾಗಾಗಿ ತೆರಿಗೆ ಇಲ್ಲ ಅಂದಮಾತ್ರಕ್ಕೆ ಅದು ಆಸ್ಪತ್ರೆ ಅಂದುಕೊಳ್ಳಬೇಡಿ.)

ಕಂಪನಿಗಳ ಭಯ

ವಿಮೆ ನಿಂತಿರುವುದು ಒಂದು ನಂಬಿಕೆಯ ಮೇಲೆ. ಯಾರಿಗೂ ಬೇಡದ ಘಟನೆ, ಯಾವಾಗ ಬರುತ್ತದೋ ಗೊತ್ತಿಲ್ಲದ ಘಟನೆ ಮಾತ್ರ ವಿಮೆಗೆ ಒಗ್ಗುತ್ತದೆ. ಬೈಪಾಸ್ ಆಪರೇಷನ್ನನ್ನು ಯಾರೂ ಆಸೆಪಟ್ಟು ಮಾಡಿಸಿಕೊಳ್ಳುವುದಿಲ್ಲ. ಮಸಾಜ್ ಹಾಗಲ್ಲ. ನೋವಿದ್ದವನಿಗೂ ಬೇಕು, ಇಲ್ಲದವನಿಗೂ ಹಿತ. ಪ್ರತಿ ವರ್ಷ ಮಳೆಗಾಲಕ್ಕೆ ಒಮ್ಮೆ ಮಾಡಿಸಬಹುದು. ಖರ್ಚು ಬೇರೆಯವರದಾದರೆ ಬೇಡ ಅನ್ನುವವರು ಯಾರು?

ಹೀಗೆ ಇಷ್ಟಪಟ್ಟು ಪಡೆಯುವ ಸೇವೆಗೆ ಎಲ್ಲರ ಪ್ರೀಮಿಯಂ ನಿಧಿಯಿಂದ ಹಣ ಹೋದರೆ ಪ್ರೀಮಿಯಂ ಏರುತ್ತದೆ. ಏರಿದಾಗ ಆರೋಗ್ಯವಾಗಿರುವವರು ಪಾಲಿಸಿ ಬಿಡುತ್ತಾರೆ. ಉಳಿದವರ ಮೇಲೆ ಹೊರೆ ಇನ್ನೂ ಜಾಸ್ತಿ. ರೆಸಾರ್ಟ್ ವಾಸವನ್ನು ಚಿಕಿತ್ಸೆ ಎಂದು ತೋರಿಸಿ ಬಿಲ್ ಮಾಡುವ ಭಯ ಇದರ ಮೇಲೆ. ಹಾಗಾಗಿ ಕಂಪನಿಗಳು ಎಲ್ಲ ಫೈಲನ್ನೂ ಅನುಮಾನದಿಂದಲೇ ತೆರೆಯುತ್ತವೆ. ತೆರೆಯುವವರಿಗೆ ಆಯುರ್ವೇದದ ಪರಿಚಯ ಇಲ್ಲದಿದ್ದರಂತೂ ಕಥೆ ಮುಗಿಯಿತು. ಬಸ್ತಿ ಎಂಬ ಔಷಧೀಯ ಎನಿಮಾಕ್ಕೂ, ಸೊಂಟದ ಮೇಲೆ ಹಿಟ್ಟಿನ ಕಟ್ಟೆ ಕಟ್ಟಿ ಎಣ್ಣೆ ನಿಲ್ಲಿಸುವ ಕಟಿ ಬಸ್ತಿಗೂ ವ್ಯತ್ಯಾಸ ಗೊತ್ತಿಲ್ಲದವರ ಕೈಗೆ ಸಿಕ್ಕರೆ ಎರಡೂ ‘ಮಸಾಜೇ’.

ವೈದ್ಯರ ವಾದ

ಆಯುರ್ವೇದ ವೈದ್ಯರು ಇಲ್ಲಿಂದಲೇ ಶುರುಮಾಡುತ್ತಾರೆ. ಪಂಚಕರ್ಮ ಅಂದರೆ ವಮನ (ವಾಂತಿ ಮಾಡಿಸುವುದು), ವಿರೇಚನ (ಭೇದಿ ಮಾಡಿಸುವುದು), ಬಸ್ತಿ, ನಸ್ಯ (ಮೂಗಿಗೆ ಔಷಧಿ), ರಕ್ತಮೋಕ್ಷಣ (ರಕ್ತ ತೆಗೆಯುವುದು). ಅಭ್ಯಂಗ ಈ ಐದರಲ್ಲಿ ಇಲ್ಲವೇ ಇಲ್ಲ! ಅದು ಮೈಗೆ ಜಿಡ್ಡು ಕೊಡುವ ಸ್ನೇಹನದ ಒಂದು ಭಾಗ, ಪೂರ್ವಕರ್ಮ, ಅಂದರೆ ತಯಾರಿ. ವಿರೇಚನಕ್ಕೆ ಮೊದಲು ಮೂರರಿಂದ ಏಳು ದಿನ ಔಷಧಿ ತುಪ್ಪ ಕುಡಿಸುತ್ತಾರೆ. ಆಮೇಲೆ ಎಣ್ಣೆ, ಬೆವರು. ನಂತರ ಶೋಧನ, ಅಂದರೆ ಭೇದಿ ಮಾಡಿಸಿ ಶುದ್ಧಿ. ಆದ ಮೇಲೆ ಗಂಜಿಯಿಂದ ಮೆಲ್ಲನೆ ಮಾಮೂಲಿ ಊಟಕ್ಕೆ ತರುವ ಸಂಸರ್ಜನ ಕ್ರಮ. ಯೋಗಬಸ್ತಿ ಎಂಬ ಸರಣಿಯೇ ಎಂಟು ದಿನದ್ದು. ಈ ಸರಣಿಯಿಂದ ಮಸಾಜನ್ನು ಕಿತ್ತು ‘ಇದು ಹೊರರೋಗಿ ಕೆಲಸ’ ಅನ್ನುವುದು, ಆಪರೇಷನ್ನಿಂದ ಅರಿವಳಿಕೆಯನ್ನು ಕಿತ್ತು ‘ಇದು ಬರೀ ನಿದ್ದೆ’ ಅಂದ ಹಾಗೆ ಎಂಬುದು ಅವರ ದೂರು.

ವಾದದಲ್ಲಿ ಹುರುಳಿದೆ. ಆದರೆ ಅದು ಪೂರ್ತಿ ಪಂಚಕರ್ಮಕ್ಕೆ ಮಾತ್ರ ಹೊಂದುತ್ತದೆ. ಬರೀ ಅಭ್ಯಂಗ, ಶಿರೋಧಾರೆ ಮಾಡಿಸಿ ಅದಕ್ಕೆ ಪಂಚಕರ್ಮ ಎಂದು ಹೆಸರಿಡುವ ಕೇಂದ್ರಗಳು ಬೇಕಾದಷ್ಟಿವೆ. ಅವುಗಳಿಂದಾಗಿ ಶ್ರದ್ಧೆಯಿಂದ ಕೆಲಸ ಮಾಡುವ ಆಸ್ಪತ್ರೆಗಳ ಫೈಲಿನ ಮೇಲೂ ಅನುಮಾನ ಬೀಳುತ್ತದೆ.

ಮಸಾಜಿನಿಂದ ಗುಣ ಇದೆಯೇ ಎಂಬ ಪ್ರಶ್ನೆಗೆ ಆಧುನಿಕ ವೈದ್ಯದ ಉತ್ತರ ಅರ್ಧಂಬರ್ಧ. ಅಮೆರಿಕದ ವೈದ್ಯರ ಸಂಘ ‘ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್’ 2017ರಲ್ಲಿ ಹೊಸದಾಗಿ ಬಂದ ಸೊಂಟ ನೋವಿಗೆ ಮಾತ್ರೆಗಿಂತ ಮೊದಲು ಬಿಸಿ ಶಾಖ, ಮಸಾಜಿನಂಥವನ್ನು ನೋಡಿ ಎಂದಿತು. ಆದರೆ ಮಸಾಜಿನ ಪುರಾವೆ ದುರ್ಬಲ ಎಂದೂ ಸೇರಿಸಿತು. ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ 2015ರ ಕಾಕ್ರೇನ್ ವಿಮರ್ಶೆಗೆ ಅಲ್ಪಾವಧಿಯ ಆರಾಮ ಕಂಡಿತು, ದೀರ್ಘಾವಧಿಯ ಬಗ್ಗೆ ಭರವಸೆ ಮೂಡಲಿಲ್ಲ. ಕಂಪನಿಗಳು ‘ದುರ್ಬಲ’ ಎಂಬ ಪದ ಹಿಡಿಯುತ್ತವೆ, ಆಸ್ಪತ್ರೆಗಳು ‘ಮೊದಲು’ ಎಂಬ ಪದ ಹಿಡಿಯುತ್ತವೆ.

ಮಂಚದ ನಿಯಮ ತರುವ ಫಜೀತಿ

ನನ್ನ ಪ್ರಕಾರ ಅಸಲಿ ತೊಂದರೆ ಮಸಾಜಿನ ಗುಣದಲ್ಲಿಲ್ಲ, ಅಳತೆಗೋಲಿನಲ್ಲಿದೆ. ಅಡ್ಮಿಟ್ ಆದರೆ ಮಾತ್ರ ಹಣ ಅಂದಾಗ ಏನಾಗುತ್ತದೆ ನೋಡಿ. ದಿನಾ ಬಂದು ಎರಡು ಗಂಟೆ ಇದ್ದು ಹೋಗಬಹುದಾದ ರೋಗಿಗೂ ವೈದ್ಯರು ‘ಅಡ್ಮಿಟ್ ಆಗಿಬಿಡಿ, ಕ್ಲೇಮು ಆಗುತ್ತೆ’ ಅನ್ನುತ್ತಾರೆ. ಕೊಠಡಿ ಬಾಡಿಗೆ, ಊಟ, ನರ್ಸಿಂಗ್ ಎಲ್ಲ ಸೇರಿ ಬಿಲ್ಲು ಉಬ್ಬುತ್ತದೆ. ಉಬ್ಬಿದ ಬಿಲ್ಲು ನೋಡಿ ಕಂಪನಿ ‘ಇವರಿಗೆ ಅಡ್ಮಿಷನ್ ಬೇಕೇ ಇರಲಿಲ್ಲ’ ಎಂದು ತಳ್ಳಿಹಾಕುತ್ತದೆ. ಅದು ಹೇಳಿದ್ದೂ ಸರಿಯೇ! ಬೇಕಿರಲಿಲ್ಲ. ಆದರೆ ಬೇಡದ ಅಡ್ಮಿಷನ್ನಿಗೆ ದೂಡಿದ್ದು ಅದೇ ನಿಯಮ.

ಮಧ್ಯದಲ್ಲಿ ಸಿಕ್ಕಿಕೊಳ್ಳುವವನು ರೋಗಿ. ಕೂಲಿ ಬಿಟ್ಟು, ರಜೆ ಹಾಕಿ ಏಳು ದಿನ ಮಲಗಿ ಬಂದು, ಕೊನೆಗೆ ಕೈಯಿಂದಲೇ ಕಟ್ಟುತ್ತಾನೆ. ಅಡ್ಮಿಟ್ ಆಗದೆ ಬಂದುಹೋಗಿದ್ದರೆ ಅವನಿಗೂ ಕಂಪನಿಗೂ ಅಗ್ಗವಾಗುತ್ತಿತ್ತು.

ಬೇರೆ ಅಳತೆಗೋಲು ಸಾಧ್ಯವೇ? ಜರ್ಮನಿಯಲ್ಲಿ ಕಡ್ಡಾಯ ವಿಮೆ ಮಸಾಜಿಗೆ ಹಣ ಕೊಡುತ್ತದೆ, ಮಂಚ ಬೇಕಿಲ್ಲ. ವೈದ್ಯರು ಇಷ್ಟು ಸಲ ಎಂದು ಚೀಟಿ ಬರೆಯುತ್ತಾರೆ. ರೋಗಿ ಖರ್ಚಿನ 10% ಮತ್ತು ಪ್ರತಿ ಚೀಟಿಗೆ 10 ಯೂರೋ ತನ್ನ ಜೇಬಿಂದ ಹಾಕುತ್ತಾನೆ. ಜೇಬಿಗೆ ಕೈ ಹಾಕಬೇಕಾದ್ದರಿಂದ ಸುಮ್ಮಸುಮ್ಮನೆ ಹೋಗುವವರು ಕಡಿಮೆ. ಸಲಗಳ ಲೆಕ್ಕ ಇರುವುದರಿಂದ ಬಿಲ್ಲು ಉಬ್ಬುವುದಿಲ್ಲ. ಅಮೆರಿಕದ ಸರ್ಕಾರಿ ಮೆಡಿಕೇರ್ ಮಾತ್ರ ಮಸಾಜನ್ನು ಇವತ್ತಿಗೂ ಹೊರಗೇ ಇಟ್ಟಿದೆ.

ನಮ್ಮಲ್ಲಿ ಬೀಜ ಇದೆ, ಮೊಳಕೆ ಒಡೆದಿಲ್ಲ. ‘ಆಯುಷ್ ಡೇ ಕೇರ್ ಕೇಂದ್ರ’ ಎಂಬ ವ್ಯಾಖ್ಯೆ ಐಆರ್‌ಡಿಎಐ ನಿಯಮದಲ್ಲಿ ಆಗಲೇ ಇದೆ. ಆದರೆ ಪಾಲಿಸಿಯಲ್ಲಿ ‘ಒಳರೋಗಿ’ ಎಂದಷ್ಟೇ ಬರೆದಿದ್ದರೆ ಆ ಕೇಂದ್ರಕ್ಕೆ ಹೋಗಿ ಪ್ರಯೋಜನವಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2024ರ ಜನವರಿಯಲ್ಲಿ ಆಯುರ್ವೇದ, ಸಿದ್ಧ, ಯುನಾನಿಯ ಕಾಯಿಲೆಗಳಿಗೆ ತನ್ನ ಐಸಿಡಿ-11 ಎಂಬ ಅಂತಾರಾಷ್ಟ್ರೀಯ ರೋಗಪಟ್ಟಿಯಲ್ಲಿ ಸಂಕೇತಗಳನ್ನು ಸೇರಿಸಿತು. ಗೃಧ್ರಸಿಗೆ ಇಂಥ ಸಂಕೇತ, ಅದಕ್ಕೆ ಇಷ್ಟು ಸಲ ಚಿಕಿತ್ಸೆ, ಇಷ್ಟು ದರ ಎಂದು ಕಟ್ಟಿದರೆ ಮಂಚದ ಅಗತ್ಯವೇ ತಪ್ಪುತ್ತದೆ. ಆ ದಿನ ಬಂದರೆ ಅತಿ ಜಾಸ್ತಿ ಕಷ್ಟ ಆಗುವುದು ಕೊಠಡಿ ಬಾಡಿಗೆ ನಂಬಿಕೊಂಡ ಆಸ್ಪತ್ರೆಗಳಿಗೆ. ಹಾಗಾಗಿ ವಿರೋಧ ಬರೀ ಕಂಪನಿಗಳಿಂದ ಬರುತ್ತದೆ ಎಂದುಕೊಳ್ಳುವುದು ಬೇಡ.

ಸದ್ಯಕ್ಕೆ ಪಾಲಿಸಿ ಕೈಲಿರುವವರು

ಫಿಸಿಯೋಥೆರಪಿಯ ದಾರಿ ಸ್ವಲ್ಪ ಸಲೀಸು. ಮಂಡಿ ಆಪರೇಷನ್ ಆಗಿ ಮನೆಗೆ ಬಂದ ಮೇಲೆ ವೈದ್ಯರು ಬರೆದುಕೊಟ್ಟ ಫಿಸಿಯೋ ಖರ್ಚನ್ನು ‘ಡಿಸ್ಚಾರ್ಜ್ ನಂತರದ ಖರ್ಚು’ ಎಂದು ಕೇಳಬಹುದು. ಆರೋಗ್ಯ ಸಂಜೀವನಿಯಲ್ಲಿ ಇದಕ್ಕೆ 60 ದಿನದ ಅವಕಾಶ ಇದೆ. ಅಡ್ಮಿಟ್ ಆಗದೆ ಬರೀ ಭುಜ ಹಿಡಿದುಕೊಂಡದ್ದಕ್ಕೆ ಫಿಸಿಯೋ ಅಥವಾ ಮಸಾಜ್ ಬೇಕಾದರೆ ಹೊರರೋಗಿ ರಕ್ಷಣೆಯನ್ನು ಬೇರೆ ದುಡ್ಡು ಕೊಟ್ಟು ಸೇರಿಸಿಕೊಂಡಿರಬೇಕು. ಅದರಲ್ಲೂ ವರ್ಷದ ಮಿತಿ ಚಿಕ್ಕದು.

ಪಂಚಕರ್ಮಕ್ಕೆ ಹೋಗುವವರು ಹೋಗುವ ಮೊದಲೇ ಒಪ್ಪಿಗೆ ಕೇಳುವುದು ಜಾಣತನ. 2024ರ ಮೇ 29ರ ಮಾಸ್ಟರ್ ಸುತ್ತೋಲೆ ಪ್ರಕಾರ ಕ್ಯಾಶ್‌ಲೆಸ್ (ಬಿಲ್ಲನ್ನು ಕಂಪನಿಯೇ ನೇರ ಆಸ್ಪತ್ರೆಗೆ ಕಟ್ಟುವ) ಕೋರಿಕೆಗೆ ಕಂಪನಿ ಒಂದು ಗಂಟೆಯೊಳಗೆ ಉತ್ತರಿಸಬೇಕು. ಆಸ್ಪತ್ರೆ ನೆಟ್‌ವರ್ಕಿನಲ್ಲಿ ಇಲ್ಲದಿದ್ದರೂ ಕ್ಯಾಶ್‌ಲೆಸ್ ಕೊಡುವ ಯೋಜನೆ 2024ರ ಜನವರಿಯಲ್ಲಿ ಬಂತು. ಆದರೆ ಅದಕ್ಕೆ ಆಸ್ಪತ್ರೆಯಲ್ಲಿ 15 ಹಾಸಿಗೆ ಇರಬೇಕು ಎಂದಿತ್ತು. ಆಯುಷ್ ಆಸ್ಪತ್ರೆಯ ವ್ಯಾಖ್ಯೆಗೆ ಐದು ಸಾಕು, ನೆಟ್‌ವರ್ಕಿನ ಹೊರಗಿನ ಕ್ಯಾಶ್‌ಲೆಸ್‌ಗೆ ಹದಿನೈದು. ಹಾಗಾಗಿ ನೆಟ್‌ವರ್ಕಿನಲ್ಲಿ ಇಲ್ಲದ ಸಣ್ಣ ಆಸ್ಪತ್ರೆಗೆ ಹೋದವರು ಮೊದಲು ಕೈಯಿಂದ ಕಟ್ಟಿ ಆಮೇಲೆ ಕೇಳಬೇಕಾಗುತ್ತದೆ.

ತಿರಸ್ಕಾರವಾದರೆ ಪಾಲಿಸಿಯ ಯಾವ ಷರತ್ತಿನಡಿ ಎಂದು ಕಂಪನಿ ಬರೆದು ತಿಳಿಸಲೇಬೇಕು. 13ನೇ ಎಕ್ಸ್‌ಕ್ಲೂಷನ್ ಎಂದು ಬರೆದಿದ್ದರೆ ಆಸ್ಪತ್ರೆಯ ನೋಂದಣಿ ಪತ್ರ ಅದಕ್ಕೆ ಉತ್ತರ. ‘ಅಗತ್ಯ ಇರಲಿಲ್ಲ’ ಎಂದಿದ್ದರೆ ದಿನದಿನದ ಹಾಳೆಗಳೇ ಉತ್ತರ. ಮೊದಲು ಕಂಪನಿಯ ದೂರು ವಿಭಾಗ, ಜೊತೆಗೆ ಐಆರ್‌ಡಿಎಐನ ಬಿಮಾ ಭರೋಸಾ ಪೋರ್ಟಲ್. ತಿಂಗಳಾದರೂ ಬಗೆಹರಿಯದಿದ್ದರೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್. ಶುಲ್ಕ ಇಲ್ಲ, ವಕೀಲರು ಬೇಡ, 50 ಲಕ್ಷ ರೂಪಾಯಿವರೆಗಿನ ವಿವಾದ ನೋಡುತ್ತಾರೆ. ಕಂಪನಿ ಇಲ್ಲ ಎಂದ ಒಂದು ವರ್ಷದೊಳಗೆ ಹೋಗಬೇಕು. ಅಲ್ಲೂ ಮೇಜಿನ ಮೇಲೆ ಬರುವುದು ಅದೇ ಫೈಲು. ಆದ್ದರಿಂದ ಕೇಸ್ ಶೀಟಿನ ಪ್ರತಿಯನ್ನು ಡಿಸ್ಚಾರ್ಜ್ ದಿನವೇ ಕೇಳಿ ಪಡೆಯಿರಿ. ಏಳು ದಿನವೂ ಅದರಲ್ಲಿ ಒಂದೇ ಶಾಯಿಯಲ್ಲಿ ಒಂದೇ ಸಾಲು ಬರೆದಿದ್ದರೆ, ವೈದ್ಯರು ಎದುರಿಗಿರುವಾಗಲೇ ಕೇಳಿ.